ಆಟದ ಹೊಲಕ್ಕೆ ನೀರು ಹಾಕಿದ ಇಪ್ಪತ್ತು ವರ್ಷ

‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಬೇಸಾಯದ ಆಟವನ್ನು ಫೋನಿನಲ್ಲಿ ಆಡಲು ಶುರು ಮಾಡಿದವರಿಗೆ ಬೇಗನೆ ಒಂದು ಪ್ರಶ್ನೆ ಎದುರಾಗುತ್ತದೆ. ಕ್ಯಾನ್ ಹಿಡಿದು ಗಿಡಗಿಡಕ್ಕೂ ನೀರು ಹಾಕುತ್ತಾ ಇರೋದಾ, ಇಲ್ಲಾ ಸ್ಪ್ರಿಂಕ್ಲರ್ ಮಾಡಿಕೊಳ್ಳೋದಾ? ನಿಜವಾದ ಹೊಲ ಇರುವವರಿಗೆ ಇದು ತಮಾಷೆ ಅನ್ನಿಸಬಹುದು. ಆದರೆ ಈ ಪ್ರಶ್ನೆ ಹುಟ್ಟಿದ್ದರ ಹಿಂದೆ ಒಂದು ಚರಿತ್ರೆ ಇದೆ. ಅದು ಶುರುವಾಗುವುದು ಹಳ್ಳಿ ಕಡೆಯಿಂದ ಪೇಟೆ ಸೇರಿದ ಒಬ್ಬರಿಂದ.

ಯಸುಹಿರೊ ವಾಡಾ ಬೆಳೆದದ್ದು ಜಪಾನಿನ ದಕ್ಷಿಣದ ಮಿಯಾಝಾಕಿ ಸೀಮೆಯಲ್ಲಿ. ಕೆಲಸಕ್ಕೆ ಟೋಕಿಯೊಗೆ ಹೋದರು. ಅಲ್ಲಿ ಊರಿನ ನೆನಪು ಕಾಡತೊಡಗಿತು. ಹೊಡೆದಾಟ ಇಲ್ಲದ ಆಟವೊಂದನ್ನು ಮಾಡಬೇಕು ಎಂದುಕೊಂಡರು. 1996ರಲ್ಲಿ ಬಂದ ಆ ಆಟಕ್ಕೆ ಇಂಗ್ಲಿಷಿನವರು ಇಟ್ಟ ಹೆಸರು ‘ಹಾರ್ವೆಸ್ಟ್ ಮೂನ್’. ಅದರಲ್ಲಿ ಸಂಜೆ ಆರಾದ ಮೇಲೆ ಗಡಿಯಾರ ನಿಂತುಬಿಡುತ್ತಿತ್ತು. ಮೈಯಲ್ಲಿ ಕಸುವು ಇರುವಷ್ಟು ಹೊತ್ತು ದುಡಿಯಬಹುದಿತ್ತು. ಎರಡೂವರೆ ವರ್ಷ ಕಳೆದ ಮೇಲೆ ಅಪ್ಪ ಅಮ್ಮ ಬಂದು ಮಗ ಹೇಗೆ ಬದುಕಿದ್ದಾನೆ ಎಂದು ನೋಡುತ್ತಿದ್ದರು.

ಇದೇ ಸಾಲಿನಲ್ಲಿ 1999ರಲ್ಲಿ ಬಂದ ‘ಬ್ಯಾಕ್ ಟು ನೇಚರ್’ನಲ್ಲಿ ಏಳು ಜನ ಕುಳ್ಳರು ಇದ್ದರು. ಉಡುಗೊರೆ ಕೊಟ್ಟು ಸ್ನೇಹ ಬೆಳೆಸಿದರೆ ಹೊಲಕ್ಕೆ ನೀರು ಹಾಕಿಕೊಡುತ್ತಿದ್ದರು. ಒಂಥರಾ ಮುಯ್ಯಾಳು ಅನ್ನಿ. ಅಂದರೆ ನೀರು ಹಾಕುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸುವ ಆಸೆ ಆಗಲೇ ಇತ್ತು, ಯಂತ್ರ ಇರಲಿಲ್ಲ ಅಷ್ಟೆ.

2009ರಲ್ಲಿ ಫೇಸ್‌ಬುಕ್ಕಿಗೆ ಬಂದ ‘ಫಾರ್ಮ್‌ವಿಲ್’ನಲ್ಲಿ ನೀರು ಹಾಕುವ ಗೋಜೇ ಇರಲಿಲ್ಲ. ಉಳು, ಬಿತ್ತು, ಕೊಯ್ಯಿ. ಹೊತ್ತಿಗೆ ಸರಿಯಾಗಿ ವಾಪಸ್ ಬರದಿದ್ದರೆ ಮಾತ್ರ ಬೆಳೆ ಒಣಗುತ್ತಿತ್ತು. ನೀರಿನ ಬದಲು ಆಡುವವರ ಗಮನವನ್ನೇ ಹಾಯಿಸಿಕೊಂಡ ಆಟ ಅದು.

ಹಳೆಯ ‘ಹಾರ್ವೆಸ್ಟ್ ಮೂನ್’ ಮೇಲಿನ ಪ್ರೀತಿಯಿಂದಲೇ ಅಮೆರಿಕದ ಎರಿಕ್ ಬರೋನ್ ನಾಲ್ಕೂವರೆ ವರ್ಷ ಒಬ್ಬರೇ ಕೂತು, ಚಿತ್ರ, ಸಂಗೀತ, ಕೋಡ್ ಎಲ್ಲವನ್ನೂ ತಾವೇ ಮಾಡಿ, 2016ರ ಫೆಬ್ರವರಿಯಲ್ಲಿ ‘ಸ್ಟಾರ್‌ಡ್ಯೂ ವ್ಯಾಲಿ’ ಹೊರತಂದರು. ಇದರಲ್ಲಿ ಗಡಿಯಾರ ಸಂಜೆ ನಿಲ್ಲುವುದಿಲ್ಲ. ಆಟದ ಒಂದು ದಿನ ನಮ್ಮ ಲೆಕ್ಕದಲ್ಲಿ ಸುಮಾರು 14 ನಿಮಿಷ. ಲೆಕ್ಕಾಚಾರ ಹುಟ್ಟಿದ್ದೇ ಇಲ್ಲಿ.

ಶುರುವಿನಲ್ಲಿ ಕೈಯಲ್ಲಿರುವುದು 500 ಚಿನ್ನದ ನಾಣ್ಯ, 270 ಅಂಕ ಕಸುವು. ಒಂದು ಚೌಕಕ್ಕೆ ನೀರು ಹಾಕಿದರೆ 2 ಅಂಕ ಖರ್ಚು. 60 ಗಿಡ ಇಟ್ಟರೆ ಬೆಳಿಗ್ಗೆಯೇ 120 ಹೋಯಿತು. ಅನುಭವ ಬಂದಂತೆ ಖರ್ಚು ಸ್ವಲ್ಪ ಇಳಿಯುತ್ತದೆ, ನಿಜ. ಆದರೆ ಗಣಿಗೆ ಇಳಿಯಲು, ಮರ ಕಡಿಯಲು ಬೇಕಾದದ್ದೂ ಇದೇ ಕಸುವು.

ಮೊದಲು ಸಿಗುವ ಸಣ್ಣ ಸ್ಪ್ರಿಂಕ್ಲರ್ ನಾಲ್ಕು ಚೌಕಕ್ಕೆ ಮಾತ್ರ ನೀರು ಹಾಯಿಸುತ್ತದೆ. ಉಳಿಯುವುದು ದಿನಕ್ಕೆ 8 ಅಂಕ. ಅದಕ್ಕೆ ತಾಮ್ರದ ಗಟ್ಟಿ ಒಂದು, ಕಬ್ಬಿಣದ ಗಟ್ಟಿ ಒಂದು. ಒಂದೊಂದು ಗಟ್ಟಿಗೆ ಐದು ಅದಿರು, ಒಂದು ಕಲ್ಲಿದ್ದಲು. 60 ಗಿಡಕ್ಕೆ 15 ಸ್ಪ್ರಿಂಕ್ಲರ್ ಎಂದರೆ 150 ಅದಿರು! ಅದನ್ನು ಅಗೆಯಲು ಬೇಕಾದ ಕಸುವೆಲ್ಲಾ ಬೆಳಿಗ್ಗೆ ನೀರು ಹಾಕುವುದಕ್ಕೇ ಮುಗಿದಿರುತ್ತದೆ. ಉಪಕರಣ ಯಾರಿಗೆ ತುರ್ತಾಗಿ ಬೇಕೋ ಅವರ ಕೈಗೇ ಅದು ಎಟುಕುವುದಿಲ್ಲ. ಈ ಕಷ್ಟವನ್ನು ಮಾತ್ರ ಬರೋನ್ ಬೇಸಾಯದಿಂದ ಹಾಗೇ ಎತ್ತಿ ತಂದಂತಿದೆ. ನೀರಿನ ಕಷ್ಟವನ್ನು ತರಲಿಲ್ಲ. ಅಲ್ಲಿನ ಕೆರೆ ಬತ್ತುವುದಿಲ್ಲ, ಸ್ಪ್ರಿಂಕ್ಲರಿಗೆ ಪೈಪೂ ಬೇಡ, ಕರೆಂಟೂ ಬೇಡ. ತ್ರೀ ಫೇಸ್ ಯಾವಾಗ ಕೊಡುತ್ತಾರೋ ಎಂದು ರಾತ್ರಿ ಎದ್ದು ಕೂರುವ ನಮ್ಮವರಿಗೆ ಇದು ಸ್ವರ್ಗವೇ.

ನನ್ನ ಪ್ರಕಾರ ಸಣ್ಣದರ ಸಹವಾಸ ಬೇಡ. ಐದು ತಾಮ್ರದ ಗಟ್ಟಿ, 2,000 ನಾಣ್ಯ ಹೊಂದಿಸಿ ಕ್ಯಾನನ್ನೇ ಮೇಲ್ದರ್ಜೆಗೆ ಏರಿಸಿ. ಆಮೇಲೆ ಒಂದೇ ಸಲಕ್ಕೆ ಮೂರು ಚೌಕ ನೆನೆಸಬಹುದು. ಕಮ್ಮಾರ ಎರಡು ದಿನ ಕ್ಯಾನ್ ಇಟ್ಟುಕೊಳ್ಳುತ್ತಾನೆ. ಅದಕ್ಕೇ ಟಿವಿ ನೋಡಿ, ನಾಳೆ ಮಳೆ ಎಂದರೆ ಇವತ್ತು ನೀರು ಹಾಕಿ ಕೊಟ್ಟುಬಿಡಿ. ಆ ಊರಿನ ಹವಾಮಾನ ವರದಿ ನಂಬಬಹುದು.

ಎರಡನೇ ದರ್ಜೆಯದು ಎಂಟು ಚೌಕ ನೆನೆಸುತ್ತದೆ. ಎಂಟು ಸ್ಪ್ರಿಂಕ್ಲರಿಗೆ 64 ಗಿಡ. ಅದಕ್ಕೆ ಕಬ್ಬಿಣ, ಚಿನ್ನ, ಸ್ಫಟಿಕ ಬೇಕು, ಖರ್ಚಿಗೆ ತಕ್ಕ ಫಲವೂ ಇದೆ. ಇರಿಡಿಯಂ ಸ್ಪ್ರಿಂಕ್ಲರ್ 24 ಚೌಕದ್ದು. ಅದರ ಬ್ಯಾಟರಿ ತುಂಬುವುದು ಸಿಡಿಲಿನಿಂದ! ಮೂರು ಇಟ್ಟರೆ ಬೆಳಿಗ್ಗೆ ಎದ್ದಾಗ ಹೊಲವೆಲ್ಲಾ ನೆನೆದಿರುತ್ತದೆ, ಮಾಡಲು ಕೆಲಸವೇ ಇರುವುದಿಲ್ಲ. ಅಲ್ಲಿಗೆ ಆಟವೇ ಸಪ್ಪೆಯಾಯಿತು ಎನ್ನುವವರೂ ಇದ್ದಾರೆ.

ಅವರಿಗೆ ಉತ್ತರ ಆಟದೊಳಗೇ ಇದೆ. ವಾಡಾ ಆಟಕ್ಕೆ ಅಪ್ಪ ಅಮ್ಮ ಬಂದ ಹಾಗೆ ಇಲ್ಲಿ ಮೂರನೇ ವರ್ಷದ ಶುರುವಿಗೆ ತೀರಿಹೋದ ಅಜ್ಜ ಬರುತ್ತಾನೆ. ದುಡಿದ ಹಣ ನೋಡುತ್ತಾನೆ. ಮದುವೆ ಆಯಿತಾ, ಊರವರ ಜೊತೆ ಸ್ನೇಹ ಹೇಗಿದೆ, ಪಾಳುಬಿದ್ದ ಸಮುದಾಯ ಭವನ ಸರಿಯಾಯಿತಾ ಎಂಬುದನ್ನೂ ಅಳೆಯುತ್ತಾನೆ. ಎಷ್ಟು ಕ್ಯಾನ್ ನೀರು ಹೊತ್ತೆ ಎಂದು ಮಾತ್ರ ಕೇಳುವುದಿಲ್ಲ.