ಕ್ರೈಂ ಪುಟಗಳನ್ನು ಕತ್ತರಿಸಿಟ್ಟಾಕೆ

ನಮ್ಮ ಕನ್ನಡ ಪತ್ರಿಕೆಗಳ ಅಪರಾಧ ಸುದ್ದಿಗೆ ಅಂತಲೇ ಒಂದು ಭಾಷೆ ಇದೆ, ಗಮನಿಸಿದ್ದೀರಾ? ಸತ್ತವರು 'ಮೃತ ದುರ್ದೈವಿ'. ಕೊಂದವರು 'ದುಷ್ಕರ್ಮಿಗಳು'. ಕಾರಣ ಬಹುತೇಕ 'ಕ್ಷುಲ್ಲಕ'. ಕಾಫಿ ಕುಡೀತಾ ಓದಿ ಮಡಿಸಿಡ್ತೀವಿ. ಈ ಕಥೆ ಹೇಳಿದ್ದು ಯಾರು, ಪೊಲೀಸರಾ, ಕೊಂದವರ ಕಡೆಯವರಾ, ಸತ್ತವರ ಮನೆಯವರಾ ಅಂತ ಕೇಳುವ ಅಭ್ಯಾಸ ನಮಗೆ ಕಡಿಮೆ. ನೂರಮೂವತ್ತು ವರ್ಷಗಳ ಹಿಂದೆ ಅಮೆರಿಕದ ಮೆಂಫಿಸ್ ಊರಲ್ಲಿ ಒಬ್ಬ ಹೆಂಗಸು ಈ ಪ್ರಶ್ನೆಯನ್ನೇ ಹಿಡಿದು ಕೂತರು. ಹೆಸರು ಐಡಾ ಬಿ. ವೆಲ್ಸ್.

ಐಡಾ ಹುಟ್ಟಿದ್ದು 1862ರಲ್ಲಿ, ಮಿಸಿಸಿಪ್ಪಿಯ ಹಾಲಿ ಸ್ಪ್ರಿಂಗ್ಸ್‌ನಲ್ಲಿ, ಗುಲಾಮರಾಗಿದ್ದ ತಂದೆತಾಯಿಗೆ. ಮೆಂಫಿಸ್‌ನಲ್ಲಿ ಸ್ಕೂಲ್ ಟೀಚರ್ ಆಗಿದ್ದರು. 1889ರಲ್ಲಿ 'ಫ್ರೀ ಸ್ಪೀಚ್' ಅನ್ನೋ ಪುಟ್ಟ ಪತ್ರಿಕೆಯಲ್ಲಿ ಪಾಲು ಕೊಂಡು ಸಂಪಾದಕಿಯಾದರು. ಅದು ಗುಲಾಬಿ ಬಣ್ಣದ ಕಾಗದದ ಮೇಲೆ ಅಚ್ಚಾಗ್ತಿತ್ತು. ಯಾಕೆ ಗೊತ್ತಾ? ಓದಲು ಬಾರದವರೂ ಬಣ್ಣ ನೋಡಿ ಕೇಳಿ ಕೊಳ್ಳಲಿ, ಅಂಗಡಿಯವರು ಬೇರೆ ಪತ್ರಿಕೆ ಕೊಟ್ಟು ಮೋಸ ಮಾಡದಿರಲಿ ಅಂತ. ಓದಲು ಬರುವವರು ಅದನ್ನು ಉಳಿದವರಿಗೆ ಓದಿ ಹೇಳುತ್ತಿದ್ದರು.

ಆ ಊರಿನ ಅಂಚಿನಲ್ಲಿ 'ಕರ್ವ್' ಅನ್ನೋ ಬಡಾವಣೆ. ಅಲ್ಲಿ ಥಾಮಸ್ ಮಾಸ್ ಅನ್ನೋ ಪೋಸ್ಟ್‌ಮ್ಯಾನ್ ಗೆಳೆಯರ ಜೊತೆ ಸೇರಿ 'ಪೀಪಲ್ಸ್ ಗ್ರೋಸರಿ' ಎಂಬ ದಿನಸಿ ಅಂಗಡಿ ಇಟ್ಟಿದ್ದ. ಹಗಲು ಟಪಾಲು ಹಂಚೋದು, ಸಂಜೆ ಅಂಗಡಿ. ಐಡಾ ಆತನ ಮಗಳಿಗೆ ಗಾಡ್‌ಮದರ್. ಅದೇ ಬಡಾವಣೆಯಲ್ಲಿ ಬಿಳಿಯನೊಬ್ಬನ ಅಂಗಡಿಯೂ ಇತ್ತು; ಅಲ್ಲಿವರೆಗೆ ಏರಿಯಾದ ವ್ಯಾಪಾರವೆಲ್ಲ ಆತನದೇ. 1892ರ ಮಾರ್ಚ್ ಮೊದಲ ವಾರ ಗೋಲಿ ಆಡುತ್ತಿದ್ದ ಹುಡುಗರ ಜಗಳ ದೊಡ್ಡವರ ಜಗಳವಾಯ್ತು. ಅಂಗಡಿ ಮೇಲೆ ದಾಳಿ ಆಗುತ್ತೆ ಅಂತ ಸುದ್ದಿ ಹಬ್ಬಿ, ಮಾಸ್ ಕಡೆಯವರು ಬಂದೂಕು ಹಿಡಿದು ಕಾವಲು ಕೂತರು. ಮಾರ್ಚ್ 5ರ ಶನಿವಾರ ರಾತ್ರಿ ಶಸ್ತ್ರ ಹಿಡಿದ ಬಿಳಿಯರ ಗುಂಪೊಂದು ಹಿತ್ತಲಿಂದ ಬಂತು. ಗುಂಡು ಹಾರಿತು. ಮೂವರಿಗೆ ಗಾಯ. ಬಂದವರು ಸಮವಸ್ತ್ರವಿಲ್ಲದ ಶೆರೀಫನ ಸಹಾಯಕರು ಅಂತ ಆಮೇಲೆ ಗೊತ್ತಾಯಿತು.

ಇನ್ನು ಪತ್ರಿಕೆಗಳ ಸರದಿ. ಮಾರನೇ ದಿನದಿಂದ ಊರಿನ ಬಿಳಿಯರ ಪತ್ರಿಕೆಗಳಲ್ಲಿ ಬಂದಿದ್ದು: ಕಾನೂನು ಕಾಯುವವರ ಮೇಲೆ ಹೊಂಚುಹಾಕಿ ಹಲ್ಲೆ, ಆ ಅಂಗಡಿ ಅಂದರೆ ಪುಂಡರ ಅಡ್ಡೆ. ಗೋಲಿ ಆಟ, ವ್ಯಾಪಾರದ ಹೊಟ್ಟೆಕಿಚ್ಚು ಎಲ್ಲ ಮಾಯ. ಮಾಸ್, ಕ್ಯಾಲ್ವಿನ್ ಮೆಕ್‌ಡೊವೆಲ್, ವಿಲ್ ಸ್ಟೀವರ್ಟ್ ಮತ್ತು ಇನ್ನೂ ಹಲವರು ಜೈಲು ಸೇರಿದ್ದರು. ಗಾಯಗೊಂಡವರು ಅಪಾಯದಿಂದ ಪಾರು ಅಂತ ಸುದ್ದಿ ಬಂದಾಗ, ಸದ್ಯ ಗಂಡಾಂತರ ಕಳೀತು ಅಂತ ಕಪ್ಪು ಜನ ಉಸಿರು ಬಿಟ್ಟರು.

ಮಾರ್ಚ್ 9ರ ನಸುಕಿನಲ್ಲಿ ಮುಸುಕು ಹಾಕಿದ ಗುಂಪು ಜೈಲಿಗೆ ನುಗ್ಗಿ ಈ ಮೂವರನ್ನೇ ಆರಿಸಿ ಹೊರಗೆಳೆದು, ಊರ ಹೊರಗಿನ ರೈಲ್ವೆ ಯಾರ್ಡಿನ ಬಳಿ ಗುಂಡಿಟ್ಟು ಕೊಂದಿತು. ಬೆಳಗಿನ ಪತ್ರಿಕೆಯೊಂದು ಈ ಸುದ್ದಿಗೋಸ್ಕರ ತನ್ನ ಸಂಚಿಕೆಯನ್ನು ತಡೆದು ನಿಲ್ಲಿಸಿತ್ತು ಅಂತ ಐಡಾ ಆತ್ಮಕಥೆಯಲ್ಲಿ ಬರೆದಿದ್ದಾರೆ. ಯಾರು ಹೇಗೆ ಬಿದ್ದರು ಅನ್ನೋದರಿಂದ ಹಿಡಿದು ಎಲ್ಲ ವಿವರ ಅಚ್ಚಾಯ್ತು. ನಮ್ಮ ಜನಕ್ಕೆ ಪಶ್ಚಿಮಕ್ಕೆ ಹೋಗಲು ಹೇಳಿ, ಇಲ್ಲಿ ಅವರಿಗೆ ನ್ಯಾಯವಿಲ್ಲ ಅಂತ ಮಾಸ್ ಕೊನೆಗೆ ಹೇಳಿದ್ದೂ ನಮಗೆ ಗೊತ್ತಿರೋದು ಪತ್ರಿಕೆಯಿಂದಲೇ. ಆದರೆ ವಿಚಾರಣೆಯ ತೀರ್ಪು ಏನು? ಕೊಂದವರು ಯಾರೋ ಅಪರಿಚಿತರು! ಸಾಯುವವನ ಕೊನೆಯ ಮಾತು ವರದಿಗಾರನಿಗೆ ಗೊತ್ತು, ಪಕ್ಕದಲ್ಲಿ ಬಂದೂಕು ಹಿಡಿದು ನಿಂತವನ ಹೆಸರು ಮಾತ್ರ ಊರಲ್ಲಿ ಯಾರಿಗೂ ಗೊತ್ತಿಲ್ಲ. ಯಾರಿಗೂ ಶಿಕ್ಷೆಯಾಗಲಿಲ್ಲ. ಮಾಸ್‌ನ ಅಂಗಡಿಯ ಸಾಮಾನು ಕೊನೆಗೆ ಚಿಲ್ಲರೆ ಕಾಸಿಗೆ ಆ ಎದುರಾಳಿ ಅಂಗಡಿಯವನ ಪಾಲಾಯ್ತು.

ಐಡಾ ಬದಲಾಗಿದ್ದು ಇಲ್ಲಿ. ಅಲ್ಲಿವರೆಗೆ ಅವರೂ ಪತ್ರಿಕೆಯ ಮಾತನ್ನೇ ನಂಬಿದ್ದರಂತೆ: ಲಿಂಚಿಂಗ್ ಅನ್ಯಾಯವೇ, ಆದರೆ ಸತ್ತವನು ಏನೋ ಘೋರ ಕೆಲಸ ಮಾಡಿರಬೇಕು, ಹೆಂಗಸಿನ ಮೇಲೆ ಕೈಹಾಕಿರಬೇಕು ಅಂತ. ಆದರೆ ಮಾಸ್‌ನನ್ನು ಅವರು ಖುದ್ದಾಗಿ ಬಲ್ಲರು. ಆತ ಮಾಡಿದ ಅಪರಾಧ ಅಂದರೆ ಅಂಗಡಿ ಇಟ್ಟಿದ್ದು. ಇವನ ಬಗ್ಗೆ ಹೀಗೆ ಬರೆದವರು ಉಳಿದವರ ಬಗ್ಗೆ ಏನು ಬರೆದಿರಬಹುದು?

ಹಾಗಾಗಿ ಬೇರೆ ಘಟನೆಗಳನ್ನೂ ಕೆದಕಿದರು. ಅತ್ಯಾಚಾರದ ಆ ಹಳೇ ಸುಳ್ಳನ್ನು ಇಲ್ಲಿ ಯಾರೂ ನಂಬುವುದಿಲ್ಲ ಅಂತ ಮೇ 21ರಂದು ಸಂಪಾದಕೀಯ ಬರೆದರು. ಊರಿನ ಬಿಳಿಯರ ಪತ್ರಿಕೆಗಳು ಅದನ್ನು ಮರುಮುದ್ರಿಸಿ ಕೆರಳಿದವು. 'ಈವ್ನಿಂಗ್ ಸಿಮಿಟರ್' ಅಂತೂ ಬರೆದಾತ ಗಂಡಸು ಅಂದುಕೊಂಡು, ಅವನ ಹಣೆಗೆ ಬರೆ ಹಾಕಿ ಅಂಗ ಕತ್ತರಿಸಬೇಕು ಎಂಬರ್ಥದಲ್ಲಿ ಬರೆಯಿತು. ಮೇ 27ಕ್ಕೆ ಫ್ರೀ ಸ್ಪೀಚ್ ಕಚೇರಿ ಧ್ವಂಸ. ಐಡಾ ಆಗ ಪೂರ್ವದ ಊರುಗಳ ಪ್ರವಾಸದಲ್ಲಿದ್ದರು, ಬಚಾವಾದರು. ಮೆಂಫಿಸ್‌ನಲ್ಲಿ ಮತ್ತೆಂದೂ ಬದುಕು ಕಟ್ಟಲಿಲ್ಲ.

ಆಮೇಲೆ ಆಕೆ ಮಾಡಿದ ಕೆಲಸ ನನ್ನನ್ನು ಬೆರಗುಗೊಳಿಸುತ್ತೆ. ಕಪ್ಪು ಹೆಂಗಸೊಬ್ಬಳು ಸಾಕ್ಷಿ ಹೇಳಿದರೆ ಯಾರೂ ನಂಬಲ್ಲ ಅಂತ ಆಕೆಗೆ ಚೆನ್ನಾಗಿ ಗೊತ್ತಿತ್ತು. ಸರಿ, ಬಿಳಿಯರ ಪತ್ರಿಕೆಗಳನ್ನೇ ಸಾಕ್ಷಿ ಮಾಡಿದರು. 'ಷಿಕಾಗೋ ಟ್ರಿಬ್ಯೂನ್' 1882ರಿಂದ ವರ್ಷಾವಾರು ಲಿಂಚಿಂಗ್ ಲೆಕ್ಕ ಅಚ್ಚು ಹಾಕುತ್ತಿತ್ತು. ಅದನ್ನು ತೆಗೆದುಕೊಂಡು, ಪತ್ರಿಕಾ ವರದಿಗಳನ್ನು ಜೋಡಿಸಿ 1892ರಲ್ಲಿ 'ಸದರ್ನ್ ಹಾರರ್ಸ್', 1895ರಲ್ಲಿ 'ಎ ರೆಡ್ ರೆಕಾರ್ಡ್' ಪ್ರಕಟಿಸಿದರು. ಎಂಟು ವರ್ಷಗಳಲ್ಲಿ 728 ಮಂದಿ ಹತರಾಗಿದ್ದರೆ, ಅವರಲ್ಲಿ ಅತ್ಯಾಚಾರದ ಆರೋಪವಾದರೂ ಇದ್ದಿದ್ದು ಮೂರನೇ ಒಂದು ಭಾಗದವರ ಮೇಲೆ ಮಾತ್ರ. ರೆಡ್ ರೆಕಾರ್ಡ್‌ನಲ್ಲಿ ತಾರೀಖು, ಹೆಸರು, ಊರು ಸಾಲಾಗಿ ಬರುತ್ತವೆ, ಆರೋಪದ ಪ್ರಕಾರ ವಿಂಗಡಿಸಿ. ಕಳ್ಳತನ, ಬೆದರಿಕೆ, ಹೀಗೇ ಸಾಗಿ ಕೊನೆಗೆ ಏನೂ ಆರೋಪವಿಲ್ಲದವರು. ಕೆಲವು ಕಡೆ ಹೆಸರೇ ಇಲ್ಲ, ಅಪರಿಚಿತ ಅಂತಷ್ಟೇ.

ಒಂದೊಂದೇ ಸುದ್ದಿ ಓದಿದರೆ ಒಬ್ಬ ಅಪರಾಧಿ, ಒಂದು ಕೆರಳಿದ ಗುಂಪು ಕಾಣುತ್ತೆ. ಸಾಲಾಗಿ ಇಟ್ಟರೆ ಒಂದು ವ್ಯವಸ್ಥೆ ಕಾಣುತ್ತೆ. ಒಂದು ಹೊಸ ಅಕ್ಷರವನ್ನೂ ಸೇರಿಸದೆ, ಬರೀ ಜೋಡಿಸಿಯೇ ಅರ್ಧ ವಾದ ಗೆದ್ದಿದ್ದರು ಆಕೆ.

1899ರಲ್ಲಿ ಜಾರ್ಜಿಯಾದಲ್ಲಿ ಸ್ಯಾಮ್ ಹೋಸ್ ಎಂಬ ಕೂಲಿಯಾಳು ತನ್ನ ಒಡೆಯನನ್ನು ಕೊಂದು ಪರಾರಿಯಾದಾಗ 'ಅಟ್ಲಾಂಟಾ ಕಾನ್‌ಸ್ಟಿಟ್ಯೂಷನ್' ಪತ್ರಿಕೆಯೇ ಹಿಡಿದುಕೊಟ್ಟವರಿಗೆ 500 ಡಾಲರ್ ಇನಾಮು ಘೋಷಿಸಿತು. ಗುಂಪು ಆತನನ್ನು ಜೀವಂತ ಸುಟ್ಟಿತು. ಐಡಾ ಷಿಕಾಗೋದಿಂದ ಪತ್ತೇದಾರನೊಬ್ಬನನ್ನು ಕಳಿಸಿದರು. ಅವನ ವರದಿ: ಜಗಳ ಕೂಲಿಯ ದುಡ್ಡಿನದ್ದು, ಒಡೆಯ ಪಿಸ್ತೂಲು ತೆಗೆದಾಗ ಹೋಸ್ ಕೊಡಲಿ ಎಸೆದಿದ್ದ. ಅಟ್ಲಾಂಟಾ ಪತ್ರಿಕೆಗಳ ಸುದ್ದಿ ಮತ್ತು ಈ ವರದಿ ಎರಡನ್ನೂ ಒಂದೇ ಪುಸ್ತಿಕೆಯಲ್ಲಿ ಅಚ್ಚು ಹಾಕಿದರು. ಓದುಗರೇ ನೋಡಿಕೊಳ್ಳಲಿ ಅಂತ.

ಐಡಾ 1931ರಲ್ಲಿ ತೀರಿಕೊಂಡರು. ಆಗ ಶ್ರದ್ಧಾಂಜಲಿ ಬರೆಯದ 'ನ್ಯೂಯಾರ್ಕ್ ಟೈಮ್ಸ್' 2018ರ ಮಾರ್ಚ್‌ನಲ್ಲಿ ಬರೆಯಿತು. ಅದೇ ವರ್ಷ ಏಪ್ರಿಲ್ 26ರಂದು ಅಲಬಾಮಾದ ಮಾಂಟ್‌ಗೊಮೆರಿಯಲ್ಲಿ ಲಿಂಚಿಂಗ್‌ಗೆ ಬಲಿಯಾದ 4,400ಕ್ಕೂ ಹೆಚ್ಚು ಜನರ ಸ್ಮಾರಕ ತೆರೆಯಿತು. ಅಲ್ಲಿನ 'ಮಾಂಟ್‌ಗೊಮೆರಿ ಅಡ್ವರ್ಟೈಸರ್' ಆ ದಿನ, ಸತ್ತವರನ್ನೇ ತಪ್ಪಿತಸ್ಥರು ಅಂತ ತೀರ್ಮಾನಿಸಿ ಬರೆದ ತನ್ನ ಹಳೆಯ ವರದಿಗಳು ತನ್ನದೇ ನಾಚಿಕೆಗೇಡು ಅಂತ ಒಪ್ಪಿಕೊಂಡಿತು. 2020ರಲ್ಲಿ ಐಡಾಗೆ ಪುಲಿಟ್ಜರ್ ವಿಶೇಷ ಗೌರವ ಸಿಕ್ಕಿತು. ಲಿಂಚಿಂಗನ್ನು ಫೆಡರಲ್ ಅಪರಾಧವೆಂದು ಸಾರುವ ಕಾನೂನಿಗೆ ಸಹಿ ಬಿದ್ದಿದ್ದು 2022ರ ಮಾರ್ಚ್ 29ರಂದು. ಆ ಸಮಾರಂಭದಲ್ಲಿ ಐಡಾ ಅವರ ಮರಿಮೊಮ್ಮಗಳು ಮಾತಾಡಿದರು.

ಪತ್ರಿಕೆಗಳ ತಪ್ಪೊಪ್ಪಿಗೆ ಒಳ್ಳೇದೇ, ಬೇಡ ಅನ್ನಲ್ಲ. ಆದರೆ ಮಾಸ್‌ನ ಹೆಂಡತಿ ಮಕ್ಕಳು ಅದನ್ನು ಓದಲಿಲ್ಲ. ಅವರ ಕಣ್ಣೆದುರು ಇದ್ದಿದ್ದು ಪುಂಡರ ಅಡ್ಡೆ ಅಂತ ಬರೆದ ಆ ಮಾರ್ಚ್ ತಿಂಗಳ ಪತ್ರಿಕೆ. ಮುಂದಿನ ಸಲ ಎಲ್ಲಾದರೂ 'ಗುಂಪಿನಿಂದ ಥಳಿತ, ಶಂಕಿತ ಕಳ್ಳ ಸಾವು' ಅಂತ ಓದಿದರೆ, ಒಂದು ನಿಮಿಷ ನಿಲ್ಲಿ. ಕಳ್ಳ ಅಂತ ಶಂಕಿಸಿದ್ದು ಯಾರು? ಹೊಡೆದವರೇ ತಾನೇ?