ಆರಡಿ ದಾಟಿದವರಿಗೆ ಎಷ್ಟುದ್ದದ ಹುಟ್ಟು ಬೇಕು?



ಕಳೆದ ಕರಾವಳಿ ಪ್ರವಾಸದ ಫೋಟೋಗಳು ನಮ್ಮ ಪುಟದಲ್ಲಿ ಬಂದ ಮೇಲೆ ಜತ್ತ, ಕಾಗವಾಡ, ಅಥಣಿ, ಕುರುಂದವಾಡ ಕಡೆಯಿಂದ ಸಾಕಷ್ಟು ಫೋನು ಬಂದವು. ನೀರಿನ ಮೇಲೆ ಹಲಗೆ ಹಾಕಿ, ಅದರ ಮೇಲೆ ನಿಂತು ಹುಟ್ಟು ಹಾಕುತ್ತ ಹೋಗುವ ಆ ಆಟ ನಮ್ಮ ಹುಡುಗರಿಗೆ ಬಹಳ ಹಿಡಿಸಿದೆ. ಸ್ಟ್ಯಾಂಡ್ ಅಪ್ ಪ್ಯಾಡಲ್ ಎಂದು ಅದರ ಪೂರ್ತಿ ಹೆಸರು, ಹುಡುಗರ ಬಾಯಲ್ಲಿ ಬರೀ ‘ಸಪ್’. ಕೆಲವರು ಸ್ವಂತ ಹುಟ್ಟು ಕೊಳ್ಳುವ ಯೋಚನೆಯಲ್ಲಿದ್ದಾರೆ. ಅವರಲ್ಲಿ ಹೆಚ್ಚಿನವರ ಪ್ರಶ್ನೆ ಒಂದೇ: “ಕಾಕಾ, ನಮ್ಮ ಹುಡುಗ ಆರಡಿ ಮ್ಯಾಲೆ ಅದಾನ. ಉದ್ದ ಮಾಡೂದು, ಗಿಡ್ಡ ಮಾಡೂದು ಬರ್ತದಲ್ಲ, ಆ ಹುಟ್ಟು ತಗೊಂಡ್ರ ನಡೀತದೇನು?” ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಎಲ್ಲರಿಗೂ ಒಂದೇ ಸಲ ಬರೆದಿಡುತ್ತಿದ್ದೇನೆ.

ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಖಂಡೇರಾಜುರಿ ಕೃಷ್ಣೆಯ ದಂಡೆಯ ಮೇಲಿನ ಊರಲ್ಲ. ನಾನು ಅಂಬಿಗನೂ ಅಲ್ಲ. ಆ ಹಲಗೆಯ ಮೇಲೆ ನಿಂತದ್ದು ಜೀವಮಾನದಲ್ಲಿ ಎರಡೇ ಸಲ, ಎರಡು ಸಲವೂ ನೀರಿಗೆ ಬಿದ್ದೆ. ಆದರೆ ಅಳತೆ ಪುಸ್ತಕ ಬರೆಯುತ್ತಲೇ ನೌಕರಿ ಮುಗಿಸಿದ ಗುಮಾಸ್ತ ನಾನು. ಯಾವ ವಸ್ತುವನ್ನೂ ಟೇಪು ಹಿಡಿಯದೆ ನಂಬುವುದಿಲ್ಲ. ಆ ಚಟದಿಂದಲೇ ಈ ವಿಷಯ ತಿಳಿಯಿತು.

ಕಳೆದ ಸಲ ನಡೆದದ್ದು ಹಲವರಿಗೆ ಗೊತ್ತಿಲ್ಲ. ನಮ್ಮ ಸದಸ್ಯರೊಬ್ಬರ ಮಗ, 6 ಅಡಿ 3 ಇಂಚು ಎತ್ತರದ ಹುಡುಗ, ಕರಾವಳಿಯ ಒಂದೂರಿನಲ್ಲಿ ಬಾಡಿಗೆ ಹಲಗೆ ತೆಗೆದುಕೊಂಡು ಹಿನ್ನೀರಿಗೆ ಇಳಿದ. ಕೊಟ್ಟ ಹುಟ್ಟು ಗಿಡ್ಡವಾಯಿತೆಂದು ಕ್ಲಾಂಪ್ ಸಡಿಲಿಸಿ ಮೇಲಿನ ಕೊಳವೆಯನ್ನು ಎಷ್ಟು ಬರುತ್ತದೋ ಅಷ್ಟು ಎಳೆದು ಬಿಗಿದ. ಅರ್ಧ ತಾಸು ಚೆನ್ನಾಗಿಯೇ ನಡೆಯಿತು. ನೀರಿನ ನಡುವೆ ಒಂದು ಸಲ ಜೋರಾಗಿ ಎಳೆದಾಗ ಹುಟ್ಟು ಎರಡು ತುಂಡಾಗಿ ಕೈಯಲ್ಲಿ ಹಿಡಿ ಮಾತ್ರ ಉಳಿಯಿತು, ಅಲಗು ಇದ್ದ ಕೆಳಗಿನ ತುಂಡು ನೀರು ಪಾಲಾಯಿತು. ಅದು ಇಳಿತದ ಹೊತ್ತು, ನೀರು ಸಮುದ್ರದ ಕಡೆ ಸೆಳೆಯುತ್ತಿತ್ತು. ಹುಡುಗ ಜಾಣ. ಹಲಗೆ ಬಿಡದೆ ಬೋರಲು ಮಲಗಿ ಕೈಯಿಂದ ನೀರು ತಳ್ಳುತ್ತ ಇದ್ದ, ಮೀನಿನ ದೋಣಿಯವರು ಹಗ್ಗ ಎಸೆದು ದಡಕ್ಕೆ ತಂದರು. ಲೈಫ್ ಜಾಕೆಟ್ ಹಾಕಿದ್ದ ಎನ್ನುವುದೇ ನಮ್ಮ ಪುಣ್ಯ. ಅವನ ತಾಯಿಗೆ ಏನು ಉತ್ತರ ಕೊಡುತ್ತಿದ್ದೆವು ಎಂದು ನೆನೆದರೆ ಇವತ್ತಿಗೂ ನನಗೆ ನಿದ್ದೆ ಹಾರುತ್ತದೆ.

ದಡಕ್ಕೆ ಬಂದ ಮೇಲೆ ಉಳಿದ ತುಂಡನ್ನು ಕೈಯಲ್ಲಿ ಹಿಡಿದು ನೋಡಿದೆ. ಕೊಳವೆಯ ಮೇಲೆ ಅಡ್ಡಗೆರೆ ಎಳೆದು ‘ಇಲ್ಲಿಂದಾಚೆ ಎಳೆಯಬೇಡಿ’ ಎಂಬರ್ಥದ ಗುರುತು ಸ್ಪಷ್ಟವಾಗಿ ಹಾಕಿತ್ತು. ಹುಡುಗ ಅದನ್ನು ದಾಟಿ ಎಳೆದಿದ್ದ. ತಪ್ಪು ಅವನದೇ ಎಂದು ಬೈದು ಮುಗಿಸಬಹುದಿತ್ತು. ಆದರೆ ಆ ಗೆರೆಯ ಒಳಗೇ ಇದ್ದಿದ್ದರೆ ಹುಟ್ಟು ಅವನಿಗೆ ಸಾಲುತ್ತಿರಲಿಲ್ಲ. ಎತ್ತರದವರ ಪೇಚು ಇಲ್ಲೇ ಇದೆ.

ಹುಟ್ಟಿನ ಉದ್ದ ಲೆಕ್ಕ ಹಾಕುವ ಬಗೆ ಹೀಗೆ. ಹಿಡಿಯ ತುದಿಯಿಂದ ಅಲಗಿನ ತುದಿಯವರೆಗೆ ಇರುವುದೇ ಪೂರ್ತಿ ಉದ್ದ. ಶಾಂತ ನೀರಿನಲ್ಲಿ ಸುಮ್ಮನೆ ತಿರುಗಾಡುವವರಿಗೆ ತಮ್ಮ ಎತ್ತರಕ್ಕಿಂತ 20ರಿಂದ 25 ಸೆಂಟಿಮೀಟರ್, ಎಂದರೆ 8ರಿಂದ 10 ಇಂಚು, ಹೆಚ್ಚು ಇರಬೇಕು. ಅಲೆಯ ಮೇಲೆ ಆಡುವವರು ಇದಕ್ಕಿಂತ ಗಿಡ್ಡ ಇಟ್ಟುಕೊಳ್ಳುತ್ತಾರೆ. ಮೇಲೆ ಹೇಳಿದ ಹುಡುಗ 190 ಸೆಂ.ಮೀ. ಎತ್ತರ, ಅವನಿಗೆ ಬೇಕಾದದ್ದು 210ರಿಂದ 215. ಗಾಳಿ ತುಂಬುವ ಹಲಗೆಗಳು ಸಾಮಾನ್ಯವಾಗಿ 15 ಸೆಂ.ಮೀ. ದಪ್ಪ ಇರುತ್ತವೆ. ಗಟ್ಟಿ ಹಲಗೆಗಿಂತ ಅದರ ಮೇಲೆ ನಾವು ಒಂದಿಷ್ಟು ಎತ್ತರದಲ್ಲಿ ನಿಲ್ಲುವುದರಿಂದ ಇನ್ನೂ ಎರಡು ಮೂರು ಸೆಂ.ಮೀ. ಕೂಡಿಸಿಕೊಳ್ಳಬೇಕು.

ಈಗ ಅಂಗಡಿಯ ಕಡೆ ನೋಡಿ. ಉದ್ದ ಹೆಚ್ಚು ಕಡಿಮೆ ಮಾಡುವ ಮೂರು ತುಂಡಿನ ಹುಟ್ಟುಗಳಲ್ಲಿ ಹೆಚ್ಚಿನವು 165ರಿಂದ 210, ಇಲ್ಲವೆ 170ರಿಂದ 215ರವರೆಗೆ ಬರುತ್ತವೆ. ಐದೂವರೆ ಅಡಿಯ ಮನುಷ್ಯನಿಗೆ ಈ ಅಳತೆಯ ನಡುವಿನಲ್ಲೇ ಕೆಲಸ ಆಗುತ್ತದೆ. ಆರಡಿ ದಾಟಿದವನು ಮಾತ್ರ ಅದನ್ನು ಕೊನೆಯ ಗೆರೆಯವರೆಗೆ ಎಳೆದೇ ಬಳಸಬೇಕು. ಅಲ್ಲಿ ಒಂದು ಕೊಳವೆಯೊಳಗೆ ಇನ್ನೊಂದು ಕುಳಿತಿರುವುದು ಅತಿ ಕಡಿಮೆ. ಸಲಿಕೆಯ ಕಾವು ತೂತಿನಲ್ಲಿ ಪೂರ್ತಿ ಕುಳಿತಿದ್ದರೆ ಎಷ್ಟು ಮಣ್ಣಾದರೂ ಎತ್ತುತ್ತದೆ. ತುದಿಯಷ್ಟೇ ಕುಳಿತಿದ್ದರೆ ನಾಲ್ಕು ಪೆಟ್ಟಿಗೆ ಅಲುಗಾಡಿ ಕೊನೆಗೆ ಬಾಯಿ ಒಡೆಯುತ್ತದೆ. ಹುಟ್ಟಿನ ಜಾಯಿಂಟಿನಲ್ಲೂ ಅದೇ ನಡೆಯುತ್ತದೆ.

ಆದ್ದರಿಂದ ಎತ್ತರದವರು ಪೆಟ್ಟಿಗೆಯ ಮೇಲಿನ ಬಣ್ಣ, ಚಿತ್ರ ನೋಡುವ ಮೊದಲು ನೋಡಬೇಕಾದದ್ದು ದೊಡ್ಡ ಅಂಕಿ. ನಿಮಗೆ ಬೇಕಾದ ಉದ್ದಕ್ಕಿಂತ ಕನಿಷ್ಠ 5 ಸೆಂ.ಮೀ. ಹೆಚ್ಚು ಬರುವ ಹುಟ್ಟು ಇರಲಿ. 215 ಬೇಕಿದ್ದವರು 220 ಅಥವಾ ಅದಕ್ಕೂ ಮೀರಿ ಬರುವುದನ್ನು ಕೇಳಿ. ‘ಎಲ್ಲರಿಗೂ ಆಗುತ್ತೆ’ ಎಂದು ಬರೆದಿದ್ದರೆ ಆ ಎಲ್ಲರಲ್ಲಿ ನೀವು ಇದ್ದೀರೋ ಇಲ್ಲವೋ ಎಂದು ಟೇಪು ಹಿಡಿದು ನೋಡಿ. ಕೆಲವು ಕಡೆ ಹುಟ್ಟಿನ ಉದ್ದ ಬರೆಯದೆ ‘ಇಷ್ಟು ಎತ್ತರದವರಿಗೆ’ ಎಂದು ಬಳಸುವವನ ಎತ್ತರ ಬರೆದಿರುತ್ತಾರೆ, ಕೆಲವು ಕಡೆ ಇಂಚಿನಲ್ಲಿರುತ್ತದೆ. ಎರಡನ್ನೂ ಸೆಂಟಿಮೀಟರಿಗೆ ತಂದು ಹೋಲಿಸಿ. ಒಂದು ಇಂಚಿಗೆ 2.54.

ಮನೆಯಲ್ಲೇ ಅಳೆಯುವ ಸುಲಭ ದಾರಿಯೂ ಇದೆ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಒಂದು ಕೈ ಮೇಲೆತ್ತಿ, ಆದರೆ ಹೆಗಲು ಏರಿಸಬೇಡಿ, ಮೊಣಕೈ ತುಸು ಸಡಿಲ ಇರಲಿ. ಮಣಿಕಟ್ಟು ಎಲ್ಲಿ ಬರುತ್ತದೋ ಅಲ್ಲಿ ಇನ್ನೊಬ್ಬರಿಂದ ಗೋಡೆಗೆ ಪೆನ್ಸಿಲ್ ಗೆರೆ ಹಾಕಿಸಿ, ನೆಲದಿಂದ ಅಲ್ಲಿಗೆ ಟೇಪು ಹಿಡಿಯಿರಿ. ಎತ್ತರಕ್ಕೆ 20-25 ಕೂಡಿಸಿದ ಲೆಕ್ಕಕ್ಕೂ ಇದಕ್ಕೂ ಸ್ವಲ್ಪ ವ್ಯತ್ಯಾಸ ಬಂದೀತು, ಯಾಕೆಂದರೆ ಒಂದೇ ಎತ್ತರದ ಇಬ್ಬರ ತೋಳು ಒಂದೇ ಉದ್ದ ಇರುವುದಿಲ್ಲ. ನಮ್ಮ ಸಂಘದಲ್ಲೇ ಆರಡಿಯ ಇಬ್ಬರನ್ನು ಅಳೆದೆ, ಮಣಿಕಟ್ಟಿನಲ್ಲಿ 4 ಸೆಂ.ಮೀ. ಅಂತರ ಸಿಕ್ಕಿತು. ಎರಡರಲ್ಲಿ ದೊಡ್ಡ ಅಂಕಿಯನ್ನು ಹಿಡಿದು ಕೊಳ್ಳಿ. ಉದ್ದದ ಹುಟ್ಟನ್ನು ಗಿಡ್ಡ ಮಾಡಬಹುದು, ಗಿಡ್ಡದ್ದನ್ನು ಬೆಳೆಸಲು ಬರುವುದಿಲ್ಲ.

ಕೊನೆಯ ತೀರ್ಮಾನ ನೀರಿನ ಮೇಲೆ ಆಗಬೇಕು. ಅಲಗು ಪೂರ್ತಿ ನೀರಿನಲ್ಲಿ ಮುಳುಗಿದಾಗ ಮೇಲಿನ ಕೈ ಸುಮಾರು ಹಣೆಯ ಮಟ್ಟದಲ್ಲಿರಬೇಕು. ಕೈ ತಲೆಯ ಮೇಲಕ್ಕೆ ಹೋಗುತ್ತಿದ್ದರೆ ಹುಟ್ಟು ಉದ್ದವಾಯಿತು, ಸಂಜೆಗೆ ಹೆಗಲು ಹಿಡಿಯುತ್ತದೆ. ಅಲಗು ಮುಳುಗಿಸಲು ಪ್ರತಿ ಸಲ ನಡ ಬಗ್ಗಿಸಬೇಕಾಗಿದ್ದರೆ ಗಿಡ್ಡವಾಯಿತು. ಎತ್ತರದವರು ಬಾಡಿಗೆ ಹುಟ್ಟು ಹಿಡಿದು “ಆಟ ಚಲೋ ಐತಿ, ಆದ್ರ ನಡಾ ನೋವು” ಎನ್ನುವುದಕ್ಕೆ ಬಹಳ ಸಲ ಇದೇ ಕಾರಣ.

ಇನ್ನು ಬಿಗಿಯುವ ವ್ಯವಸ್ಥೆ. ಎರಡು ಬಗೆ ಸಾಮಾನ್ಯ. ಒಂದರಲ್ಲಿ ಸ್ಪ್ರಿಂಗಿನ ಗುಂಡಿ ತೂತಿಗೆ ಬಂದು ಟಕ್ಕನೆ ಕೂರುತ್ತದೆ, ಹಳೆಯ ಕೊಡೆಯಲ್ಲಿ ಇರುತ್ತದಲ್ಲ, ಹಾಗೆ. ಇನ್ನೊಂದರಲ್ಲಿ ಗುಂಡಿ ಇಲ್ಲ, ಲಿವರ್ ಒತ್ತಿದರೆ ಕ್ಲಾಂಪ್ ಕೊಳವೆಯನ್ನು ಅಪ್ಪಿ ಹಿಡಿಯುತ್ತದೆ. ಕ್ಲಾಂಪಿನಲ್ಲಿ ಬೇಕಾದ ಅಳತೆಗೇ ನಿಲ್ಲಿಸಬಹುದು, ಆದರೆ ಮರಳು ಸೇರಿದರೆ ಜಾರುತ್ತದೆ, ತಿರುಗಲೂಬಹುದು. ಎತ್ತರದವರಿಗೆ ನನ್ನ ಸಲಹೆ ಎರಡೂ ಇರುವ ಹುಟ್ಟು: ಕೆಳಗಿನ ಜಾಯಿಂಟಿಗೆ ಗುಂಡಿ, ಮೇಲಿನದಕ್ಕೆ ಗುಂಡಿಯ ಜೊತೆಗೆ ಕ್ಲಾಂಪ್. ಬಿಗಿದ ಮೇಲೆ ಅಲಗನ್ನು ಪಾದಗಳ ನಡುವೆ ಹಿಡಿದು ಹಿಡಿಯನ್ನು ತಿರುವಿ ನೋಡಿ, ಎಳೆದೂ ನೋಡಿ. ಮಿಸುಕಿದರೆ ನೀರಿಗೆ ಒಯ್ಯಬೇಡಿ. ಹಿಡಿಯ ಅಡ್ಡಕೋಲು ಅಲಗಿನ ಅಗಲಕ್ಕೆ ಸರಿಸಮವಾಗಿರಬೇಕು, ಇಲ್ಲದಿದ್ದರೆ ಹಲಗೆ ಸೊಟ್ಟ ಹೋಗುತ್ತದೆ.

ಹಾಗೇ ಅಲಗಿನ ಮುಖ. ಅದು ಕೋಲಿನಿಂದ ಸ್ವಲ್ಪ ಬಾಗಿರುತ್ತದೆ. ಆ ಬಾಗು ಮುಂದಕ್ಕೆ, ಹೋಗುವ ದಿಕ್ಕಿಗೆ ಇರಬೇಕು. ಸೌಟಿನಿಂದ ಸಾರು ಎತ್ತಿದ ಹಾಗೆ ತನ್ನ ಕಡೆ ತಿರುಗಿಸಿ ಹಿಡಿಯುವುದೇ ಹೊಸಬರ ಮೊದಲ ತಪ್ಪು. ನಾನೂ ಹಾಗೇ ಹಿಡಿದಿದ್ದೆ, ಬಿದ್ದದ್ದಕ್ಕೆ ಅದೂ ಒಂದು ಕಾರಣ ಎಂದು ನನ್ನ ವಾದ. ಹುಡುಗರು ಒಪ್ಪುವುದಿಲ್ಲ.

ಕೋಲು ಯಾವುದರದ್ದು ಎಂಬುದು ಎತ್ತರದವರಿಗೆ ಉಳಿದವರಿಗಿಂತ ಹೆಚ್ಚು ಮುಖ್ಯ. ಅದೇ ಕೋಲು, ಅದೇ ಎಳೆತ, ಆದರೆ ಉದ್ದ ಹತ್ತರಲ್ಲಿ ಒಂದು ಪಾಲು ಹೆಚ್ಚಾದರೆ ಬಾಗುವುದು ಸುಮಾರು ಮೂರರಲ್ಲಿ ಒಂದು ಪಾಲು ಹೆಚ್ಚುತ್ತದೆ. ಅಲ್ಯೂಮಿನಿಯಂ ಅಗ್ಗ, ಭಾರ, ಪೂರ್ತಿ ಎಳೆದಾಗ ಬಳುಕುತ್ತದೆ. ಉಪ್ಪುನೀರಿನಲ್ಲಿ ಬಳಸಿ ಹಾಗೇ ಬಿಟ್ಟರೆ ತುಂಡುಗಳು ಒಂದಕ್ಕೊಂದು ಕಚ್ಚಿಕೊಂಡು ಬಿಚ್ಚಲು ಬಾರದು. ಫೈಬರ್ ಗ್ಲಾಸ್ ನಡುವಿನ ದಾರಿ. ಕಾರ್ಬನ್ ಹಗುರ, ಬಿಗಿ, ದುಬಾರಿ, ಕಲ್ಲಿಗೆ ಬಡಿದರೆ ಬಿರುಕು ಬಿಡುತ್ತದೆ. ವರ್ಷಕ್ಕೆ ಒಂದೆರಡು ಸಲ ಹೋಗುವ ನಮ್ಮಂಥವರಿಗೆ ಫೈಬರ್ ಗ್ಲಾಸ್ ಸಾಕು. ಆರಡಿ ಮೀರಿದವರು ದುಡ್ಡು ಉಳಿಸಲು ಅಲ್ಯೂಮಿನಿಯಂ ಕಡೆ ಹೋಗಬೇಡಿ ಎಂದು ಮಾತ್ರ ಒತ್ತಿ ಹೇಳುತ್ತೇನೆ.

ಎತ್ತರ ಇದ್ದವನಿಗೆ ಅಲಗೂ ದೊಡ್ಡದು ಬೇಕೆಂದು ಕೆಲವರು ತಿಳಿದಿದ್ದಾರೆ. ಹಾಗೇನಿಲ್ಲ. ಅಲಗಿನ ಅಳತೆ ಮೈತೂಕಕ್ಕೆ, ತೋಳಿನ ಬಲಕ್ಕೆ ಸಂಬಂಧಿಸಿದ್ದು. ತೆಳ್ಳಗೆ ಉದ್ದಗೆ ಬೆಳೆದ ಹುಡುಗನಿಗೆ ದೊಡ್ಡ ಅಲಗು ಕೊಟ್ಟರೆ ಅಷ್ಟುದ್ದದ ಕೋಲಿನ ಭಾರವೆಲ್ಲ ಹೆಗಲಿಗೆ ಬೀಳುತ್ತದೆ. ಮಧ್ಯಮ ಅಲಗೇ ಇರಲಿ.

ಮನೆಮಂದಿಗೆಲ್ಲ ಒಂದೇ ಹುಟ್ಟು ತರುವವರು ಈ ಲೆಕ್ಕ ನೋಡಿ. ಮಗ 190 ಸೆಂ.ಮೀ., ತಂದೆ 168, ತಾಯಿ 157. ಮಗನಿಗೆ 210-215, ತಂದೆಗೆ 188-193, ತಾಯಿಗೆ 177-182. ಉದ್ದ ಬರುವ ಹುಟ್ಟುಗಳು ಬಹುಪಾಲು 180ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಒಳಗಿನ ಕೊಳವೆ ಕೂರಲು ಜಾಗ ಬೇಕಲ್ಲ. ತಂದೆ ಮಗ ಹಂಚಿಕೊಳ್ಳಬಹುದು, ತಾಯಿಗೆ ಹೊಂದಿದರೆ ಹೊಂದೀತು, ಅದೂ ಅಂಚಿಗೆ. ಆಕೆಗೆ ಬಾಡಿಗೆಯದೇ ವಾಸಿ. ಮಗನ ಸುರಕ್ಷತೆ ಬಿಟ್ಟು ಎಲ್ಲರಿಗೂ ಸರಿಮಾಡಲು ಹೋಗಬೇಡಿ.

ಸಾಗಿಸುವ ಅನುಕೂಲಕ್ಕೆ ಮೂರು ತುಂಡಿನದೇ ಒಳ್ಳೆಯದು. ನಾವು ಮಿರಜದಿಂದ ಲೋಂಡಾ ಮಾರ್ಗವಾಗಿ ಮಡಗಾಂವ, ಅಲ್ಲಿಂದ ಕೊಂಕಣ ರೈಲಿನಲ್ಲಿ ಮೂಲ್ಕಿ ಎಂದು ಹೋಗುವವರು. ಎರಡು ತುಂಡಿನದು ಗಟ್ಟಿ ಹೌದು, ಆದರೆ ಸೀಟಿನ ಕೆಳಗೆ ಹಿಡಿಯುವುದಿಲ್ಲ, ಹಾದುಹೋಗುವವರೆಲ್ಲ ಎಡವುತ್ತಾರೆ. ಸ್ಪರ್ಧೆಯವರ ಮಾತು ಬೇರೆ. 2024ರ ಮಾರ್ಚ್‌ನಲ್ಲಿ ಮಂಗಳೂರು ಹತ್ತಿರದ ಸಸಿಹಿತ್ಲು ಕಡಲತೀರದಲ್ಲಿ ಇಂಡಿಯಾ ಪ್ಯಾಡಲ್ ಫೆಸ್ಟಿವಲ್ ನಡೆದು ಹೊರದೇಶದ ಆಟಗಾರರೂ ಬಂದಿದ್ದರು. ಆ ಮಟ್ಟದವರು ತಮ್ಮ ಅಳತೆಗೆ ಕತ್ತರಿಸಿ ಅಂಟಿಸಿದ ಒಂದೇ ತುಂಡಿನ ಕಾರ್ಬನ್ ಹುಟ್ಟು ಹಿಡಿಯುತ್ತಾರೆ, ಜಾಯಿಂಟಿನ ತಂಟೆಯೇ ಇಲ್ಲ. ಎತ್ತರದ ಹುಡುಗ ಮುಂದೆ ಇದನ್ನೇ ಗಟ್ಟಿಯಾಗಿ ಹಿಡಿದುಕೊಂಡರೆ ಅವನಿಗೂ ಅದೇ ಸರಿ.

ಶಾಂಭವಿ, ನಂದಿನಿ ನದಿಗಳು ಕೂಡಿ ಸಮುದ್ರ ಸೇರುವ ಆ ಅಳಿವೆಯ ಕಡೆ ಕಲಿಯಲು ಒಳ್ಳೆಯ ನೀರಿದೆ, ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಬಹಳ ವರ್ಷಗಳಿಂದ ಇದೆ. ಎಲ್ಲೇ ಬಾಡಿಗೆ ಪಡೆದರೂ ಮುಂಚೆಯೇ ಫೋನು ಮಾಡಿ “220ರವರೆಗೆ ಬರುವ ಹುಟ್ಟು ಇದೆಯೇ?” ಎಂದು ಕೇಳಿ. ಹೋದ ಮೇಲೆ ಕೇಳಿದರೆ ಇದ್ದದ್ದನ್ನೇ ಕೊಡುತ್ತಾರೆ. ಭರತ ಇಳಿತದ ಹೊತ್ತನ್ನೂ ಕೇಳಿಕೊಳ್ಳಿ.

ಬಳಸಿದ ಮೇಲೆ ಮೂರೂ ತುಂಡು ಬಿಚ್ಚಿ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಹೊಸದು ತಂದವರು ಮೊದಲು ಮನೆಯ ಹೌದಿನಲ್ಲಿ ತೇಲುತ್ತದೆಯೇ ನೋಡಿ. ಕೆಲವು ಕೊಳವೆಯೊಳಗೆ ನೀರು ತುಂಬಿ ಮುಳುಗುತ್ತವೆ.

ಒಂದು ಕಟ್ಟುನಿಟ್ಟಿನ ಮಾತು. ಹುಟ್ಟು ಕೈಗೆ ಬಂತೆಂದು ಮಳೆಗಾಲದ ಕೃಷ್ಣೆಗೆ ಇಳಿಯುವುದು ಬೇಡ. ಸಾಂಗಲಿಯ ಐರ್ವಿನ್ ಸೇತುವೆಯ ಬಳಿ 45 ಅಡಿ ಅಪಾಯದ ಮಟ್ಟ, 2019ರಲ್ಲಿ ನೀರು 57 ಅಡಿ ದಾಟಿದ್ದನ್ನು ನಾವೆಲ್ಲ ಕಂಡವರು. ಬೇಸಿಗೆಯಲ್ಲೂ ಮ್ಹೈಸಾಳದಂಥ ಬ್ಯಾರೇಜಿನ ಹತ್ತಿರ ಹೋಗಬಾರದು. ಹರಿಯುವ ನೀರಿನಲ್ಲಿ ಕಾಲಿಗೆ ಕಟ್ಟುವ ಹಗ್ಗ ಗಿಡಕ್ಕೋ ಕಂಬಕ್ಕೋ ಸಿಕ್ಕರೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಅಲ್ಲಿ ಸೊಂಟದ ಬೆಲ್ಟಿಗೆ ಕಟ್ಟಿ, ಒಂದೇ ಎಳೆತಕ್ಕೆ ಕಳಚುವಂಥದ್ದೇ ಬೇಕು.

ಈ ಸಲದ ಪ್ರವಾಸಕ್ಕೆ ಹೆಸರು ಕೊಡುವವರು ವಯಸ್ಸು, ಮೈತೂಕದ ಜೊತೆಗೆ ಎತ್ತರ ಮತ್ತು ಮಣಿಕಟ್ಟಿನ ಅಳತೆಯನ್ನು ಸೆಂಟಿಮೀಟರಿನಲ್ಲಿ ಬರೆದು ತಮ್ಮ ಊರಿನ ಪ್ರತಿನಿಧಿಗಳ ಕೈಗೆ ಕೊಡಬೇಕು. 180 ಸೆಂ.ಮೀ. ಮೀರಿದವರ ಪಟ್ಟಿ ಬೇರೆ ಮಾಡಿ ಮುಂಚಿತವಾಗಿ ಹುಟ್ಟು ಗೊತ್ತು ಮಾಡುತ್ತೇವೆ. ಸ್ವಂತ ಹುಟ್ಟು ತರುವವರು ಹೊರಡುವ ಹಿಂದಿನ ದಿನ ಮಿರಜ ಸ್ಟೇಷನ್ನಿನಲ್ಲಿ ಅಲ್ಲ, ಒಂದು ವಾರ ಮೊದಲೇ ನನಗೆ ತೋರಿಸಿ. ಟೇಪು ನನ್ನ ಹತ್ತಿರವೇ ಇರುತ್ತದೆ.

ಕಾರ್ಯದರ್ಶಿ
ಖಂಡೇರಾಜುರಿ