ಹರಿಯದ ಗ್ರಾಫ್ ಹಾಳೆ

ಎಸ್ಸೆಸ್ಸೆಲ್ಸಿ ಓದುವಾಗ ನನ್ನ ಗ್ರಾಫ್ ಹಾಳೆ ಯಾವಾಗಲೂ ಒಂದೇ ಜಾಗದಲ್ಲಿ ಹರಿಯುತ್ತಿತ್ತು. ಎಕ್ಸ್² − ಎಕ್ಸ್ − 2 ಇದರ ನಕ್ಷೆ ಎಳೆಯಬೇಕು. ಎಕ್ಸ್ ಬೆಲೆ −2 ಆದಾಗ ಉತ್ತರ 4. ನಾನು ಮೈನಸ್ ಎರಡರ ವರ್ಗ ಮೈನಸ್ ನಾಲ್ಕು ಅಂತ ಹಿಡಿದು, ಬಿಂದುವನ್ನು ಕೆಳಗೆ −4ರಲ್ಲಿ ಇಡುತ್ತಿದ್ದೆ. ಬಟ್ಟಲಿನ ಹಾಗೆ ಬರಬೇಕಾದ ಗೆರೆಯ ಎಡತುದಿ ಮುರಿದು ಬೀಳುತ್ತಿತ್ತು. ರಬ್ಬರ್ ಹಾಕಿ ಉಜ್ಜಿದರೆ ಹಾಳೆ ತೂತು. ಇನ್ನೊಂದು ಹಾಳೆ ತರಲು ಮತ್ತೆ ಇಟಗಿಯ ಅಂಗಡಿಗೆ ಓಡಬೇಕು.

ರಬ್ಬರ್ ಬೇಡದ ನಕ್ಷೆ ಅಷ್ಟೊತ್ತಿಗಾಗಲೇ ಜಗತ್ತಿನಲ್ಲಿ ಬಂದು ಹಳೆಯದಾಗಿತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೇ. 1985ರಲ್ಲಿ ಜಪಾನಿನ ಕ್ಯಾಸಿಯೊ ಕಂಪನಿ ಎಫ್‌ಎಕ್ಸ್-7000ಜಿ ಎಂಬ ಕ್ಯಾಲ್ಕುಲೇಟರ್ ಮಾರಾಟಕ್ಕೆ ತಂದಿತು. ಅಂಗೈಯಲ್ಲಿ ಹಿಡಿದು ನಕ್ಷೆ ನೋಡಬಹುದಾದ ಮೊದಲ ಯಂತ್ರ ಅದು. ಪರದೆಯಲ್ಲಿ ಇದ್ದದ್ದು 96 ಅಡ್ಡ, 64 ಉದ್ದ ಚುಕ್ಕೆಗಳು. ನೆನಪಿನ ಶಕ್ತಿ ಬರೀ 422 ಬೈಟ್.

1990ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಐ-81 ಬಂತು. ಇದರಲ್ಲಿ 'ವೈ=' ಎಂಬುದೇ ಒಂದು ಕೀಲಿ. ಅದನ್ನು ಒತ್ತಿದರೆ ನಾಲ್ಕು ಸಾಲು ತೆರೆದುಕೊಳ್ಳುತ್ತವೆ, ಸಾಲಿಗೊಂದರಂತೆ ನಾಲ್ಕು ಉತ್ಪನ್ನ ಬರೆಯಬಹುದು. ತಪ್ಪಿದರೆ ಬಾಣದ ಕೀಲಿಯಿಂದ ಆ ಅಕ್ಷರದ ಮೇಲೆ ಹೋಗಿ ಹೊಸದನ್ನು ಒತ್ತಿದರೆ ಸಾಕು, ಹಳೆಯದು ಹೋಗುತ್ತದೆ. ತೆಗೆಯಲು ಒಂದು ಕೀಲಿ, ನಡುವೆ ಸೇರಿಸಲು ಇನ್ನೊಂದು. ನನ್ನ ಲೆಕ್ಕದ ಕೊನೆಯ 2 ಅಳಿಸಿ 6 ಬರೆದರೆ ಇಡೀ ಬಟ್ಟಲು ನಾಲ್ಕು ಮನೆ ಕೆಳಗಿಳಿಯುತ್ತದೆ. −1 ಮತ್ತು 2ರಲ್ಲಿ ಅಡ್ಡಗೆರೆ ದಾಟುತ್ತಿದ್ದದ್ದು ಈಗ −2 ಮತ್ತು 3ರಲ್ಲಿ ದಾಟುತ್ತದೆ. ಹಾಳೆಯಲ್ಲಿ ಅರ್ಧ ತಾಸಿನ ಕೆಲಸ.

ಹಾಗಾಗಿ ಈ ಯಂತ್ರದ ದೊಡ್ಡ ಉಪಕಾರ ಗೆರೆ ಎಳೆದದ್ದಲ್ಲ, ತಿದ್ದುವುದನ್ನು ಅಗ್ಗ ಮಾಡಿದ್ದು. 'ಇದನ್ನು ಬದಲಿಸಿದರೆ ಏನಾಗುತ್ತದೆ?' ಅಂತ ಕೇಳುವ ಧೈರ್ಯ ಹುಡುಗರಿಗೆ ಬರುವುದು ಅಲ್ಲಿಂದ.

ಯಂತ್ರಕ್ಕೆ ಬುದ್ಧಿ ಇದೆ ಅಂತಲ್ಲ. ಆವರಣ ಹಾಕದೆ −2² ಒತ್ತಿದರೆ ಅದೂ −4 ಅನ್ನುತ್ತದೆ. ಮೊದಲು ವರ್ಗ, ಆಮೇಲೆ ಮೈನಸ್, ಇದು ಅದರ ನಿಯಮ. (−2)² ಅಂತ ಬರೆದರೆ ಮಾತ್ರ 4. ನನ್ನ ಹಳೆಯ ತಪ್ಪಿನ ಮೂಲ ಒಂದು ಜೋಡಿ ಆವರಣ ಅಂತ ನನಗೆ ತಿಳಿದದ್ದು ಶಾಲೆ ಬಿಟ್ಟು ಎಷ್ಟೋ ವರ್ಷಕ್ಕೆ.

ಅಮೆರಿಕದ ಎಪಿ ಕ್ಯಾಲ್ಕುಲಸ್ ಪರೀಕ್ಷೆಯ ಕೆಲವು ಪ್ರಶ್ನೆಗಳಿಗೆ 1995ರಿಂದ ಇಂಥ ಕ್ಯಾಲ್ಕುಲೇಟರ್ ಇರಲೇಬೇಕು. ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಸಾದಾ ಕ್ಯಾಲ್ಕುಲೇಟರನ್ನೂ ಒಯ್ಯುವಂತಿಲ್ಲ. ನಮ್ಮ ಕಡೆ ಈ ವಿದ್ಯೆ ಬಂದದ್ದು ಬೇರೆ ದಾರಿಯಲ್ಲಿ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಓದುವಾಗ ಕಟ್ಟಲು ಶುರುಮಾಡಿದ ಜಿಯೋಜೀಬ್ರಾ ಎಂಬ ತಂತ್ರಾಂಶ ಶಾಲೆಗಳಿಗೆ ಉಚಿತವಾಗಿ ಸಿಕ್ಕಿತು. 2011ರ ಸುಮಾರಿಗೆ ಶುರುವಾದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳ ಗಣಿತ ಶಿಕ್ಷಕರು ಅದನ್ನು ಕಲಿತರು.

ಈಗ ಅದು ಫೋನಿನಲ್ಲೇ ಇದೆ. ಹತ್ತನೇ ಕ್ಲಾಸಿನ ನನ್ನ ಅಣ್ಣನ ಮಗಳು ರಾತ್ರಿ ಊಟವಾದ ಮೇಲೆ ಅಪ್ಪನ ಫೋನ್ ಬಿಡುವಾದಾಗ ಮಾತ್ರ ಅದನ್ನು ತೆರೆಯುತ್ತಾಳೆ. ಅವಳ ತಮ್ಮ ಆಟ ಆಡುತ್ತಿದ್ದರೆ ಅದೂ ಇಲ್ಲ. ಒಮ್ಮೆ ಎರಡು ಸಮೀಕರಣ ಬರೆದು, ಒಂದರ ಅಂಕಿ ಬದಲಿಸುತ್ತಾ ಗೆರೆಗಳು ಎಲ್ಲಿ ಕೂಡುತ್ತವೆ ಅಂತ ನೋಡುತ್ತಿದ್ದಳು. ಆಮೇಲೆ ಫೋನ್ ಪಕ್ಕಕ್ಕಿಟ್ಟು ಅದನ್ನೇ ಹಾಳೆಯಲ್ಲಿ ಎಳೆದಳು.

'ಕಾಕಾ, ತಪ್ಪಿದ್ರ ಎಲ್ಲಿ ತಪ್ಪೇತಿ ಅಂತ ಮೊದಲ ಗೊತ್ತಾಗತೈತಿ,' ಅಂದಳು.

ಪರೀಕ್ಷೆಗೆ ಹಾಳೆ, ಪೆನ್ಸಿಲ್ ಇದ್ದೇ ಇರಲಿ. ಆದರೆ ಮನೆಯ ಫೋನ್ ದಿನಕ್ಕೆ ಒಂದು ತಾಸು ಅವಳ ಕೈಗೂ ಸಿಗಲಿ. ತಿದ್ದಿ ಕಲಿಯುವ ಸೌಲಭ್ಯ ಬಂದು ಇಷ್ಟು ವರ್ಷವಾಯಿತು. ಹಾಳೆ ತೂತಾದೀತು ಅನ್ನೋ ಹೆದರಿಕೆ ನಮ್ಮ ಕಾಲಕ್ಕೇ ಮುಗಿಯಲಿ.